ಬಚ್ಚಲುಮನೆ ಪೂರ್ತಿ ಹೊಸದು ಮಾಡಿಸುವಾಗ: ಗುತ್ತಿಗೆದಾರರನ್ನು ಆರಿಸುವುದರಿಂದ ಕೊನೆಯ ಕಂತು ಕೊಡುವವರೆಗೆ

ಹುಬ್ಬಳ್ಳಿ-ಧಾರವಾಡದ ಕಡೆ ಬಚ್ಚಲುಮನೆ ಹೊಸದು ಮಾಡಿಸಬೇಕು ಅಂತ ಹೊರಟವರು ಮೊದಲು ಕಾಲಿಡುವುದು ಟೈಲ್ಸ್ ಅಂಗಡಿಗೆ. ಬಣ್ಣ ಆರಿಸಿ, ಕಮೋಡ್ ನೋಡಿ, ನಳಗಳ ರೇಟು ಕೇಳಿ, ಎಲ್ಲ ಮುಗಿದ ಮೇಲೆ ಅಂಗಡಿಯವರನ್ನೇ "ಯಾರರ ಛಲೋ ಗೌಂಡಿ ಇದ್ರ ಹೇಳ್ರಿ" ಅಂತ ಕೇಳುತ್ತಾರೆ. ಈ ಕ್ರಮವೇ ತಲೆಕೆಳಗು. ಕೆಳಗಿನ ಮನೆಗೆ ನೀರು ಸೋರುವುದು, ಗೋಡೆಯ ಆಚೆ ಬದಿ ಬಣ್ಣ ಉದುರುವುದು, ಮೂಲೆಯಲ್ಲಿ ನೀರು ನಿಲ್ಲುವುದು, ಗಟಾರದ ವಾಸನೆ ಮನೆಯೊಳಗೆ ಬರುವುದು, ಇವೆಲ್ಲ ಹುಟ್ಟುವುದು ಟೈಲ್ಸ್ ಕೆಳಗೆ. ಅಲ್ಲಿ ಏನು ಹಾಕಿದರು, ಏನು ಬಿಟ್ಟರು ಅನ್ನುವುದು ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಆಳನ್ನು ಆರಿಸುವುದು, ಕರಾರು ಬರೆಯುವುದು, ದುಡ್ಡು ಕೊಡುವುದು ಮೂರನ್ನೂ ಆ ಮುಚ್ಚಿಹೋಗುವ ಕೆಲಸ ನೋಡಿಯೇ ಮಾಡಬೇಕು.

ಮೊದಲು ಮನೆ ಯಾವ ಥರದ್ದು ನೋಡಿಕೊಳ್ಳಿ

ಗುತ್ತಿಗೆದಾರರನ್ನು ಕರೆಯುವ ಮುಂಚೆ ನಿಮ್ಮ ಮನೆ ಯಾವ ನೆಲದ ಮೇಲಿದೆ, ಗೋಡೆ ಯಾವುದರಿಂದ ಕಟ್ಟಿದ್ದು ಅನ್ನುವುದು ನಿಮಗೆ ಗೊತ್ತಿರಬೇಕು. ಹುಬ್ಬಳ್ಳಿಯ ಬಹಳಷ್ಟು ಭಾಗ, ಗದಗ ಸುತ್ತಮುತ್ತ ಎಲ್ಲ ಎರೆ ಭೂಮಿ. ಮಳೆಗಾಲದಲ್ಲಿ ಎರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮನೆಯಿಂದ ಹೊರಬರುವ ಸಂಡಾಸಿನ ಪೈಪು ಗೋಡೆ ದಾಟಿ ಚೇಂಬರ್ (ಪೈಪುಗಳು ಕೂಡುವ ಹೊರಗಿನ ಗುಂಡಿ) ಸೇರುವ ಜಾಗದಲ್ಲಿ ಕುಸಿದು ಒಡೆಯುವುದು ಇದರಿಂದಲೇ. ಒಳಗೆ ಲಕ್ಷಗಟ್ಟಲೆ ಹಾಕಿ ಚೆಂದ ಮಾಡಿ, ಹೊರಗಿನ ಆ ನಾಲ್ಕು ಅಡಿ ಪೈಪನ್ನು ಹಳೆಯದೇ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಅಗೆಯಬೇಕಾಗುತ್ತದೆ. ನಿಮ್ಮದು ಎರೆ ನೆಲವಾಗಿದ್ದರೆ ಹೊರಗಿನ ಪೈಪಿನ ಕೆಳಗೆ, ಸುತ್ತ ಉಸುಕು ತುಂಬಿಸಿ ಹೊಸದಾಗಿ ಹಾಸುವುದನ್ನು ಕೆಲಸದ ಪಟ್ಟಿಗೆ ಮೊದಲೇ ಸೇರಿಸಿ.

ಧಾರವಾಡದ ಹಳೆಯ ಓಣಿಗಳಲ್ಲಿ, ಹಾವೇರಿಯ ಪೇಟೆಯಲ್ಲಿ ಇನ್ನೂ ಮಣ್ಣಿನ ಗೋಡೆ, ಕಲ್ಲು-ಮಣ್ಣಿನ ಗೋಡೆಯ ಮನೆಗಳಿವೆ. ಅಂಥ ಮನೆಯಲ್ಲಿ ಬ್ರೇಕರ್ ಮಷಿನ್ ಹಚ್ಚಿದರೆ ಪಕ್ಕದ ಕೋಣೆಯ ಗಿಲಾವು ಸಹ ಉದುರುತ್ತದೆ. ಅಲ್ಲಿ ಚಾಣ-ಸುತ್ತಿಗೆಯಿಂದ ಕೈಯಲ್ಲೇ ಒಡೆಯಬೇಕು. ಕೆಲಸಕ್ಕೆ ಹೆಚ್ಚು ದಿನ ಹಿಡಿಯುತ್ತದೆ, ರೇಟೂ ಬೇರೆಯಾಗುತ್ತದೆ. ಹಳೆಯ ಬಚ್ಚಲಿನ ನೆಲಕ್ಕೆ ಶಹಾಬಾದ್ ಫರಸಿ ಹಾಕಿದ್ದರೆ ಅದನ್ನು ಹುಷಾರಾಗಿ ಎಬ್ಬಿಸಲು ಹೇಳಿ. ಹಿತ್ತಲಿಗೆ, ಬಟ್ಟೆ ಒಗೆಯುವ ಜಾಗಕ್ಕೆ ಅದಕ್ಕಿಂತ ಗಟ್ಟಿ ಕಲ್ಲು ಇವತ್ತಿನ ರೇಟಿಗೆ ಸಿಗುವುದು ಕಷ್ಟ.

ನಿಮ್ಮದು ಮಹಡಿ ಮೇಲಿನ ಬಚ್ಚಲೋ, ಅಪಾರ್ಟ್‌ಮೆಂಟಿನ ಫ್ಲ್ಯಾಟೋ ಆಗಿದ್ದರೆ ಸಂಘದವರಿಗೆ ಬರೆದು ತಿಳಿಸಿ, ಕೆಳಗಿನ ಮನೆಯವರ ಛಾವಣಿಯ ಫೋಟೋವನ್ನು ಅವರ ಎದುರೇ ಕೆಲಸಕ್ಕೆ ಮುಂಚೆ ತೆಗೆದಿಟ್ಟುಕೊಳ್ಳಿ. ಮುಂದೆ ಒಂದು ಕಲೆ ಕಂಡರೆ ಅದು ಹಳೆಯದೋ ಹೊಸದೋ ಅನ್ನುವ ಜಗಳ ಇರುವುದಿಲ್ಲ.

ಏನೇನು ಆಗಬೇಕು ಅನ್ನುವುದನ್ನು ಬರೆದಿಡಿ

ಒಂದು ಹಾಳೆಯಲ್ಲಿ ಬಚ್ಚಲಿನ ಉದ್ದ, ಅಗಲ, ಎತ್ತರ, ಬಾಗಿಲು, ಕಿಟಕಿ ಬರೆದು ನಕ್ಷೆ ಹಾಕಿ. 5 ಅಡಿ ಅಗಲ, 8 ಅಡಿ ಉದ್ದದ ಬಚ್ಚಲು ನಮ್ಮ ಕಡೆ ಸಾಮಾನ್ಯ. ಅದರ ನೆಲ 40 ಚದರಡಿ. ಸುತ್ತಳತೆ 26 ಅಡಿ. 7 ಅಡಿ ಎತ್ತರದವರೆಗೆ ಟೈಲ್ಸ್ ಹಾಕಿದರೆ 182 ಚದರಡಿ. ಎರಡೂವರೆ ಅಡಿ ಅಗಲದ ಬಾಗಿಲಿನ ಜಾಗ ಕಳೆದರೆ ಸುಮಾರು 165. ಅಲ್ಲಿಗೆ ಒಟ್ಟು 205 ಚದರಡಿ. ಕತ್ತರಿಸುವಾಗ, ಒಡೆಯುವಾಗ ಹೋಗುವುದಕ್ಕೆ ಶೇ. 10 ಸೇರಿಸಿದರೆ 225. ಈ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಯಾರೂ 300 ಚದರಡಿ ಟೈಲ್ಸ್ ತರಿಸಲಾರರು, ಮಜೂರಿ ಬಿಲ್ಲಿನಲ್ಲೂ ಅಳತೆ ಹಿಗ್ಗುವುದಿಲ್ಲ.

ಆಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿ. ಮನೆಯಲ್ಲಿ ಅಜ್ಜ-ಅಜ್ಜಿ ಇದ್ದರೆ ಬಾಗಿಲು ಹೊರಗೆ ತೆರೆಯುವಂತಿರಲಿ; ಒಳಗೆ ಯಾರಾದರೂ ಜಾರಿ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ದೂಡಲು ಆಗುವುದಿಲ್ಲ. ಕಮೋಡ್ ಪಕ್ಕ ಹಿಡಿದುಕೊಳ್ಳುವ ಸರಳು ಬೇಕಿದ್ದರೆ ಈಗಲೇ ಜಾಗ ಗುರುತಿಸಿ, ಆ ಜಾಗದ ಗೋಡೆ ಗಟ್ಟಿ ಇದೆಯೇ ನೋಡಿಸಿ. ಮಣ್ಣಿನ ಗೋಡೆಗೆ ಬೋಲ್ಟ್ ಹಿಡಿಯುವುದಿಲ್ಲ. ನೆಲಕ್ಕೆ ಒರಟು ಮೇಲ್ಮೈಯ ಮ್ಯಾಟ್ ಟೈಲ್ಸೇ ಆಗಬೇಕು, ಅದರಲ್ಲಿ ಎರಡನೇ ಮಾತಿಲ್ಲ. ಒಂದಡಿ ಚೌಕದ ಚಿಕ್ಕ ಟೈಲ್ಸ್ ಆದರೆ ಇಳಿಜಾರಿಗೆ ಚೆನ್ನಾಗಿ ಕೂರುತ್ತದೆ, ನಡುವಿನ ಗೆರೆಗಳು ಹೆಚ್ಚಿರುವುದರಿಂದ ಕಾಲಿಗೂ ಹಿಡಿತ ಸಿಗುತ್ತದೆ.

ನೀರಿನ ಗುಣವನ್ನೂ ಪಟ್ಟಿಗೆ ಸೇರಿಸಿ. ಬೋರ್‌ವೆಲ್ ನೀರಿನ ಮೇಲೆ ನಿಂತ ಮನೆಯಾದರೆ, ಗದಗ ಜಿಲ್ಲೆಯಲ್ಲಿ ಇದು ಬಹಳ, ನೀರು ಗಡಸು. ಕಪ್ಪು ಮ್ಯಾಟ್ ನಳಗಳ ಮೇಲೆ ವಾರದೊಳಗೆ ಬಿಳಿ ಕಲೆ ಕೂರುತ್ತದೆ, ದೊಡ್ಡ ಶವರ್‌ನ ಸಣ್ಣ ತೂತು ಕಟ್ಟಿಕೊಳ್ಳುತ್ತದೆ, ಗೀಸರಿನ ಕಾಯಿಲ್ ಮೇಲೆ ಸುಣ್ಣದ ಪದರ ಬೆಳೆಯುತ್ತದೆ. ಶವರ್ ಆರಿಸುವ ಮುಂಚೆ ಟ್ಯಾಂಕಿನ ಎತ್ತರವನ್ನೂ ಅಳೆಯಿರಿ. ಟ್ಯಾಂಕಿನ ನೀರು ಶವರ್‌ಗಿಂತ 10 ಅಡಿ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್ ಮಾತ್ರ. ಮೇಲಿನ ಮಹಡಿಯ ಬಚ್ಚಲಿಗೆ ಅಷ್ಟೂ ಸಿಗುವುದಿಲ್ಲ. ಮಳೆಯಂತೆ ಸುರಿಯುವ ದೊಡ್ಡ ಶವರ್ ಅಂಗಡಿಯಲ್ಲಿ ಚೆಂದ ಕಾಣುತ್ತದೆ. ಪಂಪ್ ಇಲ್ಲದ ಮನೆಯಲ್ಲಿ ತೊಟ್ಟಿಕ್ಕುತ್ತದೆ.

ಗೋಡೆಯೊಳಗೆ ಹುದುಗಿಸುವ ಫ್ಲಶ್ ಟ್ಯಾಂಕ್ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಮನೆಯಲ್ಲಿ ಒಂದೇ ಸಂಡಾಸ್ ಇದ್ದು ಗಡಸು ನೀರು ಇದ್ದರೆ ಬೇಡ. ಕೆಟ್ಟಾಗ ಊರಿನ ಯಾವ ಪ್ಲಂಬರ್ ಬೇಕಾದರೂ ಬಿಚ್ಚಿ ಸರಿಮಾಡುವ ಹೊರಗಿನ ಟ್ಯಾಂಕೇ ನೆಮ್ಮದಿ.

ಮೂರು ಬಗೆಯ ಗುತ್ತಿಗೆ

ನಮ್ಮ ಕಡೆ ಕೆಲಸ ಕೊಡುವುದು ಮೂರು ರೀತಿ. ಬರೀ ಮಜೂರಿ: ಸಾಮಾನೆಲ್ಲ ನಿಮ್ಮದು, ಗೌಂಡಿ, ಪ್ಲಂಬರ್, ಕೂಲಿ ಅವರದು. ಎರಡನೆಯದು ಸಾಮಾನು ಸಮೇತ ಪೂರ್ತಿ ಗುತ್ತಿಗೆ. ಮೂರನೆಯದು ಗೌಂಡಿ ಬೇರೆ, ಪ್ಲಂಬರ್ ಬೇರೆ, ಎಲೆಕ್ಟ್ರಿಷಿಯನ್ ಬೇರೆ ಹಿಡಿದು ನೀವೇ ಮೇಸ್ತ್ರಿ ಆಗುವುದು.

ಮೂರನೆಯದು ಅಗ್ಗ ಅನ್ನಿಸುತ್ತದೆ. ಆದರೆ ನೀರು ಸೋರಿದ ದಿನ ಪ್ಲಂಬರ್ ಗೌಂಡಿಯ ಕಡೆ ಕೈ ತೋರಿಸುತ್ತಾನೆ, ಗೌಂಡಿ ಪ್ಲಂಬರ್ ಕಡೆ. ಪೂರ್ತಿ ಬಚ್ಚಲು ಒಡೆದು ಕಟ್ಟುವ ಕೆಲಸಕ್ಕೆ ಒಬ್ಬರೇ ಜವಾಬ್ದಾರರಾಗಿರಬೇಕು. ನಾನು ಹೇಳುವ ದಾರಿ ಹೀಗಿದೆ: ಕಣ್ಣಿಗೆ ಕಾಣುವ ಸಾಮಾನು, ಅಂದರೆ ಟೈಲ್ಸ್, ಕಮೋಡ್, ಬೇಸಿನ್, ನಳ, ಗೀಸರ್, ನೀವೇ ಕೊಳ್ಳಿ, ಬಿಲ್ ನಿಮ್ಮ ಹೆಸರಲ್ಲಿರಲಿ, ವಾರಂಟಿ ಕಾರ್ಡು ನಿಮ್ಮ ಹತ್ತಿರ ಇರಲಿ. ಮುಚ್ಚಿಹೋಗುವ ಸಾಮಾನು, ಅಂದರೆ ಪೈಪು, ಸಿಮೆಂಟು, ಉಸುಕು, ವಾಟರ್‌ಪ್ರೂಫಿಂಗ್ ಕೆಮಿಕಲ್, ಟೈಲ್ಸ್ ಅಂಟು, ಗುತ್ತಿಗೆದಾರರೇ ತರಲಿ; ಆದರೆ ಯಾವ ಕಂಪನಿ, ಯಾವ ದರ್ಜೆ, ಎಷ್ಟು ಅನ್ನುವುದು ಕರಾರಿನಲ್ಲಿ ಬರೆದಿರಲಿ. ಆಗ ಸೋರಿದರೆ "ನೀವ ತಂದ ಸಾಮಾನ ಸರಿ ಇರಲಿಲ್ರಿ" ಅನ್ನಲು ಅವರಿಗೆ ಅವಕಾಶ ಇರುವುದಿಲ್ಲ.

ಹುಡುಕುವುದು, ಅವರು ಮಾಡಿದ ಹಳೆಯ ಬಚ್ಚಲು ನೋಡುವುದು

ಸಂಬಂಧಿಕರು, ನೆರೆಮನೆಯವರು, ಓಣಿಯಲ್ಲಿ ಹೋದ ವರ್ಷ ಮನೆ ರಿಪೇರಿ ಮಾಡಿಸಿದವರು ಹೇಳುವ ಹೆಸರುಗಳಿಂದ ಶುರು ಮಾಡಿ. ಟೈಲ್ಸ್ ಅಂಗಡಿ, ಹಾರ್ಡ್‌ವೇರ್ ಅಂಗಡಿಯವರು ಹೇಳುವ ಹೆಸರನ್ನೂ ಬರೆದುಕೊಳ್ಳಿ, ಆದರೆ ಅಲ್ಲಿ ಕಮಿಷನ್ ಇರಬಹುದು ಅನ್ನುವುದು ನೆನಪಿರಲಿ. ಕೊನೆಗೆ ಮೂವರಾದರೂ ನಿಮ್ಮ ಮನೆಗೆ ಬಂದು ಜಾಗ ನೋಡಬೇಕು. ಫೋನಿನಲ್ಲೇ "ಒಂದ್ ಬಚ್ಚಲಕ್ಕ ಇಷ್ಟ ಆಗತೈತ್ರಿ" ಅಂತ ರೇಟು ಹೇಳುವವರನ್ನು ಅಲ್ಲಿಗೇ ಬಿಡಿ.

ಬಂದವರನ್ನು ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೇಳಿಸಿಕೊಳ್ಳಿ: "ಹಳೇ ಟೈಲ್ಸ್ ಕಿತ್ತ ಮ್ಯಾಲೆ ಹೊಸಾವು ಹಚ್ಚೋತನಕ ಏನೇನ್ ಮಾಡ್ತೀರಿ?" ಕೆಲಸ ಬಲ್ಲವರು ಇಲ್ಲಿ ಉದ್ದಕ್ಕೆ ಮಾತಾಡುತ್ತಾರೆ: ಗಿಲಾವು ಕೆತ್ತುತ್ತೇವೆ, ಪೈಪು ಹಾಕಿ ಪ್ರೆಶರ್ ನೋಡುತ್ತೇವೆ, ಮೂಲೆಗಳಿಗೆ ಗೋಲಾ (ಗಾರೆಯ ದುಂಡನೆಯ ಅಂಚು) ಕೊಡುತ್ತೇವೆ, ಕೆಮಿಕಲ್ ಎರಡು ಕೋಟ್ ಹಚ್ಚಿ ನೀರು ನಿಲ್ಲಿಸಿ ನೋಡುತ್ತೇವೆ ಅಂತ. "ಚಿಂತಿ ಮಾಡಬ್ಯಾಡ್ರಿ ಸರ, ಎಲ್ಲಾ ನಾವ ನೋಡ್ಕೋತೀವ್ರಿ" ಅಂತ ಮುಗಿಸಿದರೆ ಇನ್ನೊಮ್ಮೆ ಕೇಳಿ. ಎರಡನೇ ಸಲವೂ ಅದೇ ಉತ್ತರ ಬಂದರೆ ನಿಮ್ಮ ಬಚ್ಚಲು ಅವರ ಕೈಗೆ ಬೇಡ. "ಹಳೇ ಟೈಲ್ಸ್ ಮ್ಯಾಲೇ ಹಚ್ಚಿಬಿಡ್ತೀವ್ರಿ, ಖರ್ಚು ಉಳೀತೈತಿ" ಅನ್ನುವವರೂ ಸಿಗುತ್ತಾರೆ. ಸೋರದೆ ಇರುವ ಬಚ್ಚಲಿನ ಗೋಡೆಗಾದರೆ ನಡೆಯುತ್ತದೆ. ನೆಲಕ್ಕೆ ಹಾಗೆ ಮಾಡಿದರೆ ಎತ್ತರ ಏರಿ ಹೊಸ್ತಿಲಿಗೆ ಸಮ ಬರುತ್ತದೆ, ಕೆಳಗಿನ ಸೋರಿಕೆ ಇದ್ದಲ್ಲೇ ಇರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ಮೊನ್ನೆ ಮುಗಿಸಿದ ಬಚ್ಚಲಿನ ಫೋಟೋ ಮೊಬೈಲಿನಲ್ಲಿ ತೋರಿಸುತ್ತಾರೆ. ಹೊಸದರಲ್ಲಿ ಎಲ್ಲವೂ ಹೊಳೆಯುತ್ತದೆ. ಅವರು ಮಾಡಿ ಕನಿಷ್ಠ ಒಂದು ಮಳೆಗಾಲ, ಸಾಧ್ಯವಾದರೆ ಎರಡು ಮಳೆಗಾಲ ಕಳೆದ ಬಚ್ಚಲು ತೋರಿಸಲು ಕೇಳಿ. ಆ ಮನೆಯ ಅಕ್ಕಾರನ್ನು ಕೇಳಿಕೊಂಡು ಒಳಗೆ ಹೋಗಿ, ಒಂದು ಚರಿಗೆ ನೀರನ್ನು ನಹಾನಿ ಟ್ರ್ಯಾಪಿನಿಂದ (ನೆಲದ ನೀರು ಹೊರಹೋಗುವ ಜಾಲಿಯ ತೂತು) ದೂರದ ಮೂಲೆಗೆ ಚೆಲ್ಲಿ. ನೀರು ತಾನಾಗಿ ಹರಿದು ಜಾಲಿ ಸೇರಬೇಕು. ಕಮೋಡ್ ಹಿಂದೆಯೋ ಬಾಗಿಲ ಬುಡದಲ್ಲೋ ತೆಳ್ಳಗೆ ಹರಡಿ ನಿಂತರೆ ಇಳಿಜಾರು ತಪ್ಪಿದೆ. ಜಾಲಿಯ ಹತ್ತಿರ ಬಗ್ಗಿ ವಾಸನೆ ನೋಡಿ. ಆಮೇಲೆ ಹೊರಗೆ ಬಂದು ಬಚ್ಚಲಿಗೆ ತಾಗಿದ ಕೋಣೆಯ ಗೋಡೆಯ ಬುಡ ನೋಡಿ: ಬಣ್ಣ ಗುಳ್ಳೆ ಎದ್ದಿದೆಯೇ, ಉಪ್ಪು ಒಡೆದು ಬಿಳಿ ಹಿಟ್ಟು ಉದುರುತ್ತಿದೆಯೇ, ಕೈ ಇಟ್ಟರೆ ತಣ್ಣಗಿದೆಯೇ. ಮಹಡಿ ಮೇಲಿನ ಬಚ್ಚಲಾದರೆ ಕೆಳಗಿನ ಛಾವಣಿ ನೋಡಿ. ಹೋಗುವ ಮುಂಚೆ ಆ ಮನೆಯವರನ್ನು ಒಂದೇ ಮಾತು ಕೇಳಿ: ಕೆಲಸ ಮುಗಿದ ಮೇಲೆ ಏನಾದರೂ ತೊಂದರೆ ಆಗಿ ಫೋನ್ ಮಾಡಿದಾಗ ಬಂದರೇ? ಬಚ್ಚಲು ನೋಡಿ ತಿಳಿಯದೆ ಇರುವುದು ಈ ಉತ್ತರದಲ್ಲಿ ತಿಳಿಯುತ್ತದೆ.

ಅವರು ಈಗ ಎಷ್ಟು ಕಡೆ ಕೆಲಸ ಹಿಡಿದಿದ್ದಾರೆ, ಪ್ಲಂಬರ್ ಅವರದೇ ತಂಡದವನೋ ಹೊರಗಿನವನೋ, ಸೈಟಿನಲ್ಲಿ ದಿನಾ ಯಾರು ಇರುತ್ತಾರೆ ಅನ್ನುವುದನ್ನೂ ತಿಳಿದುಕೊಳ್ಳಿ.

ಕೊಟೇಶನ್ ಹೋಲಿಸುವುದು

ಮೂವರಿಗೂ ನಿಮ್ಮ ಅದೇ ಪಟ್ಟಿ, ಅದೇ ನಕ್ಷೆ ಕೊಡಿ. ಬರೆದು ಕೊಡದ ರೇಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ತೀರಾ ಕಡಿಮೆ ಬಂದ ಕೊಟೇಶನ್ ಕೈಯಲ್ಲಿ ಹಿಡಿದು ಏನು ಬಿಟ್ಟಿದ್ದಾರೆ ಹುಡುಕಿ. ಬಹುತೇಕ ಬಿಟ್ಟಿರುವುದು ಇವನ್ನೇ: ಒಡೆದ ರಾಡಿ (ಇಟ್ಟಿಗೆ, ಗಾರೆ, ಟೈಲ್ಸ್ ಚೂರು) ಸಾಗಿಸುವುದು, ಹಳೆಯ ಗಿಲಾವು ಕೆತ್ತಿ ಹೊಸದು ಮಾಡುವುದು, ವಾಟರ್‌ಪ್ರೂಫಿಂಗ್, ಗೋಡೆ ಕೊರೆದು ಪೈಪು-ವಯರ್ ಹಾಕಿ ಮುಚ್ಚುವುದು, ಬಾಗಿಲ ಚೌಕಟ್ಟಿನ ಗ್ರಾನೈಟ್, ಹೊರಗಿನ ಚೇಂಬರ್‌ವರೆಗಿನ ಪೈಪು. ಇವು ಆಮೇಲೆ ಒಂದೊಂದಾಗಿ 'ಎಕ್ಸ್‌ಟ್ರಾ' ಅಂತ ಬರುತ್ತವೆ, ಆ ಹೊತ್ತಿಗೆ ನಿಮ್ಮ ಬಚ್ಚಲು ಒಡೆದು ಬಿದ್ದಿರುತ್ತದೆ, ಬೇಡ ಅನ್ನಲು ಬರುವುದಿಲ್ಲ.

ಟೈಲ್ಸ್ ಮಜೂರಿ ಚದರಡಿ ಲೆಕ್ಕವೋ, ಅಂಚು ಕತ್ತರಿಸಿ ಕೂಡಿಸುವುದಕ್ಕೆ ಅಡಿ ಲೆಕ್ಕದಲ್ಲಿ ಬೇರೆಯೋ ಕೇಳಿ. ರೇಟು ಜಿಎಸ್‌ಟಿ ಸೇರಿಯೋ ಹೊರತೋ ಅನ್ನುವುದೂ ಸ್ಪಷ್ಟವಾಗಲಿ. ಸಾಮಾನು ಸಮೇತದ ಇಂಥ ಗುತ್ತಿಗೆಗೆ ತೆರಿಗೆ ಶೇ. 18. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಸಣ್ಣ ಗುತ್ತಿಗೆದಾರರಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ ಇರುವುದಿಲ್ಲ. ನೋಂದಣಿ ಇಲ್ಲದವರು ನಿಮ್ಮಿಂದ ಜಿಎಸ್‌ಟಿ ಅಂತ ವಸೂಲಿ ಮಾಡುವ ಹಾಗೂ ಇಲ್ಲ.

ಕರಾರು ಮತ್ತು ಕಂತು

ಪರಿಚಯದವರು, ನಂಬಿಕಸ್ಥರು ಅಂತ ಬರೆಯದೆ ಬಿಡಬೇಡಿ. ಇ-ಸ್ಟ್ಯಾಂಪ್ ಕಾಗದದ ಮೇಲೆ ಕನ್ನಡದಲ್ಲೇ ಬರೆಸಿ, ಇಬ್ಬರೂ ಸಹಿ ಮಾಡಿ, ಇಬ್ಬರು ಸಾಕ್ಷಿ ಹಾಕಿಸಿ. ಕೆಲಸದ ಪಟ್ಟಿ, ಸಾಮಾನಿನ ಕಂಪನಿ ಮತ್ತು ದರ್ಜೆ, ಶುರುವಾಗುವ ಮತ್ತು ಮುಗಿಯುವ ತಾರೀಖು, ತಡವಾದರೆ ಏನು, ಹೆಚ್ಚುವರಿ ಕೆಲಸ ಬಂದರೆ ಮೊದಲು ವಾಟ್ಸ್‌ಆ್ಯಪಿನಲ್ಲಿ ರೇಟು ಒಪ್ಪಿಸಿಯೇ ಮಾಡಬೇಕು ಅನ್ನುವುದು, ಸೋರಿಕೆಗೆ ಎಷ್ಟು ವರ್ಷದ ಹೊಣೆ, ಇವೆಲ್ಲ ಇರಲಿ. ಸೋರಿಕೆಯ ಹೊಣೆ ಅಂದರೆ ಬಂದು ಅಂಚಿಗೆ ಬಿಳಿ ಸಿಮೆಂಟ್ ಬಳಿದು ಹೋಗುವುದೋ, ಟೈಲ್ಸ್ ತೆಗೆದು ಮತ್ತೆ ಹಾಕುವ ಖರ್ಚೂ ಅವರದೋ ಅನ್ನುವುದನ್ನು ಬಿಡಿಸಿ ಬರೆಸಿ.

ಕಂತುಗಳನ್ನು ಮುಚ್ಚಿಹೋಗುವ ಕೆಲಸಕ್ಕೆ ಕಟ್ಟಿ. ಮುಂಗಡ ಶೇ. 10. ಒಡೆದು, ಪೈಪು ಹಾಕಿ, ಒತ್ತಡದ ಪರೀಕ್ಷೆ ನಿಮ್ಮ ಎದುರು ಆದ ಮೇಲೆ ಶೇ. 20. ವಾಟರ್‌ಪ್ರೂಫಿಂಗ್ ಆಗಿ ನೀರು ನಿಲ್ಲಿಸಿದ ಪರೀಕ್ಷೆ ಪಾಸಾದ ಮೇಲೆ ಶೇ. 25. ಟೈಲ್ಸ್ ಮುಗಿದ ಮೇಲೆ ಶೇ. 25. ಕಮೋಡ್, ನಳ, ಲೈಟು ಕೂಡಿಸಿದ ಮೇಲೆ ಶೇ. 10. ಉಳಿದ ಶೇ. 10 ಒಂದು ತಿಂಗಳು ಬಳಸಿದ ಮೇಲೆ. ಸಾಮಾನು ಅವರೇ ತರುವುದಾದರೆ ಮುಂಗಡ ಸ್ವಲ್ಪ ಹೆಚ್ಚು ಕೇಳುತ್ತಾರೆ. ಆಗ ಅಂಗಡಿಗೆ ನೀವೇ ನೇರ ಯುಪಿಐ ಮಾಡಿ ಅದನ್ನು ಕಂತಿನಲ್ಲಿ ಕಳೆದುಕೊಳ್ಳಿ.

ಇಲ್ಲೊಂದು ಮಾತು ಗುತ್ತಿಗೆದಾರರ ಪರವಾಗಿಯೂ ಹೇಳಬೇಕು. ಕೆಲಸದವರಿಗೆ ವಾರ ವಾರ ಬಟವಾಡೆ ಆಗಲೇಬೇಕು, ಸಂತೆಯ ದಿನ ಮನೆಗೆ ಕಾಳು-ಕಡಿ ಹೋಗಬೇಕು. ಹಂತ ಮುಗಿದ ದಿನವೇ ಕಂತು ಕೊಟ್ಟುಬಿಡಿ. "ನಾಳೆ ಬರ್ರಿ" ಅಂತ ಓಡಾಡಿಸಿದರೆ ಗೌಂಡಿಗಳು ಬೇರೆ ಸೈಟಿಗೆ ಹೋಗುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ಯಾವಾಗ ಶುರು ಮಾಡಬೇಕು

ಒಂದು ಬಚ್ಚಲಿಗೆ ಮೂರು ವಾರ ಇಟ್ಟುಕೊಳ್ಳಿ. ವಾರದಲ್ಲಿ ಮುಗಿಸಿಕೊಡುತ್ತೇನೆ ಅನ್ನುವವರು ಗಿಲಾವು, ಕೆಮಿಕಲ್ ಒಣಗುವ ದಿನಗಳನ್ನೇ ಕದಿಯುತ್ತಾರೆ. ಮುಂಗಾರು ಬಿತ್ತನೆಯ ಹೊತ್ತಿಗೆ ಹಳ್ಳಿಯಿಂದ ಬರುವ ಕೆಲಸದವರು ಹೊಲಕ್ಕೆ ಹೋಗುತ್ತಾರೆ, ದೀಪಾವಳಿಗೆ ಊರಿಗೆ ಹೋಗುತ್ತಾರೆ, ಅಮಾವಾಸ್ಯೆ ದಿನ ನಮ್ಮ ಕಡೆ ಬಹಳ ಗೌಂಡಿಗಳು ಕೆಲಸಕ್ಕೆ ಬರುವುದಿಲ್ಲ. ಜೋರು ಮಳೆಯಲ್ಲಿ ಎರೆ ನೆಲ ಅಗೆದು ಪೈಪು ಹಾಸುವುದೂ ಕಷ್ಟ. ದೀಪಾವಳಿ ಮುಗಿದು ಬೇಸಿಗೆ ಏರುವ ಮುಂಚಿನ ತಿಂಗಳುಗಳು ಎಲ್ಲಕ್ಕೂ ಅನುಕೂಲ. ಮನೆಯಲ್ಲಿ ಒಂದೇ ಬಚ್ಚಲಿದ್ದರೆ ಈ ಮೂರು ವಾರ ಎಲ್ಲಿ ಸ್ನಾನ, ಎಲ್ಲಿ ಸಂಡಾಸ್ ಅನ್ನುವುದನ್ನು ನೆರೆಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಒಡೆಯುವ ದಿನದಿಂದ ಟೈಲ್ಸ್ ಹಚ್ಚುವವರೆಗೆ

ಸುತ್ತಿಗೆ ಬೀಳುವ ಮುಂಚೆ ಆ ಬಚ್ಚಲಿನ ವಾಲ್ವ್ ಬಂದ್ ಮಾಡಿಸಿ, ಕರೆಂಟ್ ತೆಗೆಸಿ, ಸಂಡಾಸಿನ ಪೈಪು, ಟ್ರ್ಯಾಪ್ ಎಲ್ಲದಕ್ಕೂ ಕ್ಯಾಪ್ ಹಾಕಿಸಿ. ಪೈಪಿನೊಳಗೆ ಬಿದ್ದ ಒಂದು ಇಟ್ಟಿಗೆ ಚೂರು ತಿಂಗಳಾದ ಮೇಲೆ ಲೈನ್ ಕಟ್ಟಿಸುತ್ತದೆ. ಸ್ಲ್ಯಾಬ್ ಕೆತ್ತುವಾಗ ಕಬ್ಬಿಣ ಕಾಣುವಷ್ಟು ಆಳಕ್ಕೆ ಹೋಗಬಾರದು, ಬೀಮಿಗೆ ಕೈ ಹಚ್ಚಲೇಬಾರದು. ರಾಡಿಯನ್ನು ರಾತ್ರೋರಾತ್ರಿ ನಾಲಾದ ಬದಿಗೆ ಸುರಿದು ಬರುವವರಿದ್ದಾರೆ. ಉಣಕಲ್ ನಾಲಾದಂಥ ಕಾಲುವೆಗಳು ಮಳೆಯಲ್ಲಿ ಉಕ್ಕಿ ಮನೆಗಳಿಗೆ ನುಗ್ಗುವುದು ನಾವೆಲ್ಲ ನೋಡಿದ್ದೇ. ಪಾಲಿಕೆ ಅಥವಾ ನಗರಸಭೆಯವರನ್ನು ಕೇಳಿ, ಅವರು ಹೇಳಿದ ಜಾಗಕ್ಕೇ ಟ್ರಾಲಿ ಹೋಗಬೇಕು ಅನ್ನುವುದನ್ನು ಕರಾರಿನಲ್ಲೇ ಬರೆಸಿ.

ಹಳೆಯ ಸೆಪ್ಟಿಕ್ ಟ್ಯಾಂಕಿಗೆ ಹೊಸ ಪೈಪು ಜೋಡಿಸುವ ಕೆಲಸ ಬಂದರೆ ಯಾರನ್ನೂ, ಒಂದು ನಿಮಿಷಕ್ಕೂ, ಅದರೊಳಗೆ ಇಳಿಸಬೇಡಿ. ವಿಷಗಾಳಿಗೆ ಆಳು ಒಳಗೇ ಕುಸಿಯುತ್ತಾರೆ, ಎತ್ತಲು ಇಳಿದವರೂ ಉಳಿಯುವುದಿಲ್ಲ. ಸ್ವಚ್ಛ ಮಾಡಲು ರಕ್ಷಣಾ ಸಲಕರಣೆ ಇಲ್ಲದೆ ಇಳಿಸುವುದು ಮಲ ಬಾಚುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲು ಸಕ್ಕಿಂಗ್ ಮಷಿನ್ ಗಾಡಿ ಕರೆಸಿ ಖಾಲಿ ಮಾಡಿಸಿ, ಪೈಪನ್ನು ಹೊರಗಿನಿಂದಲೇ ಕೂಡಿಸಲಿ.

ಪೈಪಿನ ಕೆಲಸದಲ್ಲಿ ಬಿಸಿನೀರಿಗೆ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್) ಪೈಪೇ ಆಗಬೇಕು. ಸಂಡಾಸಿನ ಲೈನ್ 4 ಇಂಚು, ಬಚ್ಚಲ ನೀರಿನದು 3 ಇಂಚು. ಕಮೋಡ್ ಮೊದಲೇ ಕೊಂಡಿಟ್ಟುಕೊಳ್ಳಿ, ಕನಿಷ್ಠ ಅದರ ಅಳತೆಯ ಹಾಳೆ ಕೈಯಲ್ಲಿರಲಿ: ಎಸ್-ಟ್ರ್ಯಾಪ್ ಕಮೋಡಿನಲ್ಲಿ (ನೆಲದ ತೂತಿಗೆ ಕೂರುವಂಥದ್ದು) ಗೋಡೆಯಿಂದ ತೂತಿನ ನಡುವಿಗೆ 9 ಇಂಚಿನದೂ ಬರುತ್ತದೆ, 12 ಇಂಚಿನದೂ ಬರುತ್ತದೆ. ಆ ಅಳತೆ ಟೈಲ್ಸ್ ಹಚ್ಚಿದ ಮೇಲಿನ ಗೋಡೆಯಿಂದ, ಬರೀ ಇಟ್ಟಿಗೆಯಿಂದ ಅಲ್ಲ. ಗಿಲಾವಿನಿಂದ ಮುಚ್ಚುವ ಮುಂಚೆ ಎಲ್ಲ ತುದಿಗೆ ಪ್ಲಗ್ ಹಾಕಿ ಕೈಪಂಪಿನಿಂದ ಒತ್ತಡ ಕೊಡಿಸಿ, ಮೀಟರಿನ ಮುಳ್ಳು ಕೆಲವು ಗಂಟೆ ಇದ್ದಲ್ಲೇ ಇರಬೇಕು. ಆಮೇಲೆ ಗೋಡೆಗೆ ಟೇಪ್ ಹಿಡಿದು ನಾಲ್ಕೂ ಬದಿ ಫೋಟೋ ತೆಗೆಯಿರಿ. ಮುಂದೆ ಕನ್ನಡಿ ಹಾಕಲು ಡ್ರಿಲ್ ಹಿಡಿದಾಗ ಪೈಪು ಎಲ್ಲಿದೆ ಅಂತ ಗೊತ್ತಿರುತ್ತದೆ.

ಕರೆಂಟಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ. ಗೀಸರಿಗೆ ಬೋರ್ಡಿನಿಂದ ನೇರ ಬೇರೆ ಲೈನ್, 4 ಚದರ ಮಿ.ಮೀ. ತಾಮ್ರದ ವಯರ್, 16 ಆ್ಯಂಪಿಯರ್ ಸಾಕೆಟ್. 3000 ವ್ಯಾಟ್ ಗೀಸರ್ 13 ಆ್ಯಂಪಿಯರ್ ಎಳೆಯುತ್ತದೆ, ಹಳೆಯ ಸಣ್ಣ ವಯರ್ ಅದಕ್ಕೆ ತಡೆಯುವುದಿಲ್ಲ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) 30 ಮಿಲಿಆ್ಯಂಪಿಯರಿನದು ಇರಲೇಬೇಕು, ಅರ್ಥಿಂಗ್ ಸರಿಯಿದೆಯೇ ಅಳೆಸಬೇಕು. ಗ್ಯಾಸ್ ಗೀಸರ್ ಇದ್ದರೆ ಅದನ್ನು ಬಚ್ಚಲಿನೊಳಗೆ ಇಡಬೇಡಿ, ಹೊರಗೆ ಗಾಳಿಯಾಡುವ ಗೋಡೆಗೆ ಹಾಕಿ ಬಿಸಿನೀರಿನ ಪೈಪು ಮಾತ್ರ ಒಳಗೆ ತನ್ನಿ. ಮುಚ್ಚಿದ ಬಚ್ಚಲಿನಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಜೀವ ತೆಗೆಯುತ್ತದೆ.

ಇನ್ನು ವಾಟರ್‌ಪ್ರೂಫಿಂಗ್. ನೆಲ ಪೂರ್ತಿ ಗುಡಿಸಿ ತೊಳೆದು, ಪೈಪು ಸ್ಲ್ಯಾಬ್ ದಾಟುವ ಜಾಗಕ್ಕೆ ಕುಗ್ಗದ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿ, ನೆಲ-ಗೋಡೆ ಕೂಡುವ ಮೂಲೆಗೆ ಗಾರೆಯಿಂದ ಗೋಲಾ ಕೊಟ್ಟು, ಆಮೇಲೆ ಕೆಮಿಕಲ್. ಮೊದಲ ಕೋಟ್ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಗೋಡೆಗೆ ಎಲ್ಲ ಕಡೆ ಒಂದಡಿ, ಸ್ನಾನ ಮಾಡುವ ಬದಿ ಆರಡಿ ಎತ್ತರಕ್ಕೆ. ಕೆಮಿಕಲ್ ಡಬ್ಬಿ ನಿಮ್ಮ ಎದುರೇ ಒಡೆಯಲಿ, ಅದರ ಮೇಲೆ ಬರೆದ ಅಳತೆಯಲ್ಲೇ ಕಲಸಲಿ.

ಅದು ಒಣಗಿದ ಮೇಲೆ ನೀರು ನಿಲ್ಲಿಸುವ ಪರೀಕ್ಷೆ. ಬಹಳ ಕಡೆ ಇದನ್ನು ಬಿಟ್ಟುಬಿಡುತ್ತಾರೆ, ಕಾರಣ ಕೇಳಿದರೆ ನೀರಿಲ್ಲ ಅನ್ನುತ್ತಾರೆ. ಹುಬ್ಬಳ್ಳಿ-ಧಾರವಾಡದ ಅನೇಕ ವಾರ್ಡುಗಳಲ್ಲಿ ನಳಕ್ಕೆ ನೀರು ಬರುವುದೇ ಕೆಲವು ದಿನಕ್ಕೊಮ್ಮೆ, ಗದಗ-ಬೆಟಗೇರಿಯ ಬೇಸಿಗೆ ಇನ್ನೂ ಬಿಗಿ. ನೀರಿನ ಬಗ್ಗೆ ಆ ಕಳವಳ ಸಹಜ. ಆದರೆ ಲೆಕ್ಕ ಹಾಕಿ ನೋಡಿ. 40 ಚದರಡಿ ನೆಲದ ಮೇಲೆ 2 ಇಂಚು ನೀರು ನಿಲ್ಲಿಸಲು ಬೇಕಾಗುವುದು ಸುಮಾರು 190 ಲೀಟರ್, ಒಂದು ಬ್ಯಾರಲ್ಲಿಗಿಂತ ಕಡಿಮೆ. ಅದನ್ನೇ ಆಮೇಲೆ ಗಿಡಕ್ಕೆ ಬಿಡಬಹುದು. ಟ್ರ್ಯಾಪ್ ಬಿಗಿಯಾಗಿ ಮುಚ್ಚಿ, ಬಾಗಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ನೀರು ತುಂಬಿ, ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಹಾಕಿ. 48 ಗಂಟೆ ಬಿಡಿ. ನಡುನಡುವೆ ಕೆಳಗಿನ ಛಾವಣಿ, ಆಚೆ ಗೋಡೆ ನೋಡುತ್ತಿರಿ. ನೀರು ಕೂದಲೆಳೆಯಷ್ಟು ಆರಿದರೆ ಪರವಾಗಿಲ್ಲ. ಗೆರೆಯಿಂದ ಬೆರಳಗಲ ಇಳಿದಿದ್ದರೆ, ಛಾವಣಿಯಲ್ಲಿ ತೇವದ ಮಚ್ಚೆ ಕಂಡರೆ, ನೀರು ತೆಗೆದು ಎಲ್ಲಿಂದ ಹೋಯಿತು ಅಂತ ಹುಡುಕಿ ಮತ್ತೆ ಹಚ್ಚಿಸಿ ಮತ್ತೆ ನಿಲ್ಲಿಸಬೇಕು. ಇದು ಪಾಸಾಗದೆ ಒಂದು ಟೈಲ್ಸೂ ಕೂರಬಾರದು, ಕಂತೂ ಹೋಗಬಾರದು. ಪಾಸಾದ ಮೇಲೆ ಆ ನೆಲಕ್ಕೆ ಯಾರೂ ಮೊಳೆ ಹೊಡೆಯಬಾರದು, ಪಾರೆ-ಸಲಿಕೆ ಎಳೆಯಬಾರದು.

ಟೈಲ್ಸ್ ಮತ್ತು ಇಳಿಜಾರು

ಟೈಲ್ಸ್ ಪೆಟ್ಟಿಗೆಗಳ ಮೇಲಿನ ಬ್ಯಾಚ್ ಮತ್ತು ಶೇಡ್ ನಂಬರ್ ಒಂದೇ ಇದೆಯೇ ನೋಡಿಕೊಳ್ಳಿ. ನಮಗೆ ಬರುವ ಟೈಲ್ಸ್ ಬಹುಪಾಲು ಗುಜರಾತಿನ ಮೋರ್ಬಿಯದು. ಅದೇ ಹೆಸರಿನ ಟೈಲ್ಸ್ ಮುಂದಿನ ಬ್ಯಾಚಿನಲ್ಲಿ ಬಣ್ಣ ಒಂದು ಕೂದಲು ಬೇರೆ ಬರಬಹುದು. ಕೆಲಸ ಮುಗಿದ ಮೇಲೆ ಒಂದೊಂದು ಪೆಟ್ಟಿಗೆ ಅಟ್ಟದ ಮೇಲೆ ಉಳಿಸಿಕೊಳ್ಳಿ.

ಇಳಿಜಾರು ಅಡಿಗೆ ಒಂದು ಸೂತು, ಅಂದರೆ ಇಂಚಿನ ಎಂಟನೇ ಒಂದು ಭಾಗ. 8 ಅಡಿಗೆ ಒಂದು ಇಂಚು. ಸ್ನಾನದ ಜಾಗಕ್ಕೆ ಅದರ ಎರಡರಷ್ಟು. ಬಚ್ಚಲಿನ ನೆಲ ಹೊರಗಿನ ಕೋಣೆಗಿಂತ ಅರ್ಧದಿಂದ ಒಂದು ಇಂಚು ಕೆಳಗಿರಲಿ. ನಹಾನಿ ಟ್ರ್ಯಾಪಿನಲ್ಲಿ 2 ಇಂಚು ನೀರು ನಿಲ್ಲುವಂತಿರಬೇಕು, ಗಟಾರದ ವಾಸನೆಯನ್ನು ತಡೆಯುವುದು ಆ ನೀರೇ.

ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದಿಲ್ಲ, ಹಾಗಾಗಿ ಬರೀ ಸಿಮೆಂಟ್ ಹಾಲಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಟೈಲ್ಸ್ ಅಂಟೇ ಬೇಕು, ಹಲ್ಲಿನ ಕರಣೆಯಿಂದ ಪೂರ್ತಿ ಹರಡಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ. ಮರುದಿನ ಒಂದು ನಾಣ್ಯ ತೆಗೆದುಕೊಂಡು ಪ್ರತಿ ಟೈಲ್ಸಿನ ನಡುವೆ, ಮೂಲೆಯಲ್ಲಿ ಬಡಿದು ನೋಡಿ. ಟೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ, ತೆಗೆಸಿ ಮತ್ತೆ ಹಚ್ಚಿಸಿ. ಸಂದು ತುಂಬುವ ಮುಂಚೆಯೇ ಚರಿಗೆ ನೀರು ಚೆಲ್ಲಿ ಇಳಿಜಾರು ನೋಡಿ, ಈಗ ಸರಿಮಾಡುವುದು ಸುಲಭ. ನೆಲದ ಸಂದಿಗೆ ಎಪಾಕ್ಸಿ ಗ್ರೌಟ್ ಹಾಕಿಸಿ. ಬಿಳಿ ಸಿಮೆಂಟ್ ಅಗ್ಗ, ಆದರೆ ವರ್ಷದೊಳಗೆ ಕಪ್ಪಾಗಿ ಎದ್ದು ಹೋಗುತ್ತದೆ.

ಕೆಲಸ ಒಪ್ಪಿಕೊಳ್ಳುವುದು, ತಕರಾರು ಬಂದರೆ

ಎಲ್ಲ ಕೂಡಿಸಿದ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಂಡು ಗುತ್ತಿಗೆದಾರರನ್ನು ಜೊತೆಗೇ ನಿಲ್ಲಿಸಿಕೊಳ್ಳಿ. ಎಲ್ಲ ನಳ ಒಟ್ಟಿಗೆ ಬಿಡಿ, ಫ್ಲಶ್ ಹಲವು ಸಲ ಮಾಡಿ, ಹೊರಗಿನ ಚೇಂಬರ್ ಮುಚ್ಚಳ ತೆಗೆದು ನೀರು ಸರಾಗ ಹೋಗುತ್ತಿದೆಯೇ ನೋಡಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ಕುಂದು ಕಂಡದ್ದನ್ನೆಲ್ಲ ಒಂದೇ ಪಟ್ಟಿ ಮಾಡಿ ತಾರೀಖು ಹಾಕಿ ಕೊಡಿ.

ಮುಂದೆ ಸೋರಿ, ಫೋನ್ ಎತ್ತದೆ ಹೋದರೆ, ಮೊದಲು ಫೋಟೋ ಸಮೇತ ವಾಟ್ಸ್‌ಆ್ಯಪ್ ಹಾಕಿ, ಆಮೇಲೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ ಇಷ್ಟು ದಿನ ಅಂತ ಗಡುವು ಕೊಡಿ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವ ಕೆಲಸವೂ ಸೇವೆಯೇ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ ಇದೆ; ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕ ಇಲ್ಲ. ತೊಂದರೆ ಎದ್ದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಅಲ್ಲಿ ನಿಮ್ಮ ಕೈ ಹಿಡಿಯುವುದು ಕರಾರು, ಯುಪಿಐ ರಸೀದಿ ಮತ್ತು ಮುಚ್ಚುವ ಮುಂಚೆ ತೆಗೆದ ಫೋಟೋಗಳು. ಮೂರನ್ನೂ ಟೈಲ್ಸ್ ಬಿಲ್ಲಿನ ಜೊತೆ ಒಂದೇ ಫೈಲಿನಲ್ಲಿ ಇಡಿ.

ಕೊನೆಯ ಶೇ. 10 ಕಂತನ್ನು ತಿಂಗಳು ತುಂಬಿದ ದಿನ ನೀವೇ ಫೋನ್ ಮಾಡಿ ಕರೆದು ಕೊಡಿ. ಬಂದಾಗ ಬಚ್ಚಲು ಇನ್ನೊಮ್ಮೆ ತೋರಿಸಿ, ಸಡಿಲಾದ ನಳವೋ ಬಿಟ್ಟ ಸಿಲಿಕಾನ್ ಅಂಚೋ ಇದ್ದರೆ ಅವರು ಅಲ್ಲೇ ಸರಿಮಾಡಿ ಹೋಗುತ್ತಾರೆ.